ಹಚ್ಚೆಗೆ ವಯಸ್ಸು ಕೇಳುವವರು ಯಾರು?

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮೈದಾನಗಳಲ್ಲಿ ನಸುಕಿಗೇ ಎದ್ದು ಓಡುವ ಹುಡುಗರಿಗೆ 1.6 ಕಿಲೋಮೀಟರ್ ಓಟದ ಲೆಕ್ಕ ಸೆಕೆಂಡಿನ ಮಟ್ಟಕ್ಕೆ ಬಾಯಿಪಾಠ. ಎತ್ತರ ಎಷ್ಟಿರಬೇಕು, ಎದೆ ಎಷ್ಟು ಉಬ್ಬಬೇಕು, ಬೀಮ್ ಎಷ್ಟು ಹೊಡೆಯಬೇಕು ಎಲ್ಲ ಗೊತ್ತು. ತೋಳಿನ ಮೇಲಿನ ಹಚ್ಚೆಗೂ ಒಂದು ನಿಯಮವಿದೆ ಎಂಬುದು ಮಾತ್ರ ಎಷ್ಟೋ ಮಂದಿಗೆ ತಿಳಿಯುವುದು ಅಂಗಿ ಬಿಚ್ಚಿ ವೈದ್ಯರ ಎದುರು ನಿಂತಾಗ.

ನಿಯಮ ಬಲು ಸ್ಪಷ್ಟ. ಭೂಸೇನೆಯ ನೇಮಕಾತಿಯಲ್ಲಿ ಶಾಶ್ವತ ಹಚ್ಚೆಗೆ ಒಪ್ಪಿಗೆ ಇರುವುದು ಎರಡೇ ಜಾಗದಲ್ಲಿ: ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಬದಿ ಮತ್ತು ಅಂಗೈಯ ಹಿಂಬದಿ. ರಟ್ಟೆ, ಎದೆ, ಕುತ್ತಿಗೆ, ಬೆನ್ನು ಎಲ್ಲಿದ್ದರೂ ಅಭ್ಯರ್ಥಿ ಅಲ್ಲಿಗೇ ಹೊರಬೀಳುತ್ತಾನೆ. ವಂಶಪಾರಂಪರ್ಯವಾಗಿ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟುಗಳವರಿಗೆ ಮಾತ್ರ ಒಬ್ಬೊಬ್ಬರನ್ನೂ ನೋಡಿ ವಿನಾಯಿತಿ ಕೊಡುತ್ತಾರೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಅರೆಸೇನಾ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗಾದರೆ ಇನ್ನೂ ಒಂದು ಹೆಜ್ಜೆ ಮುಂದೆ. ಮುಂಗೈಯ ಒಳಬದಿ ಎಂದರೆ ಎಡಗೈಯದು ಮಾತ್ರ, ಏಕೆಂದರೆ ಬಲಗೈ ಸೆಲ್ಯೂಟ್ ಹೊಡೆಯುವ ಕೈ. ಗಾತ್ರ ಆ ಅಂಗದ ಕಾಲುಭಾಗಕ್ಕಿಂತ ಕಡಿಮೆ ಇರಬೇಕು. ಬರೆಸಿದ್ದು ದೇವರ ಗುರುತೋ ಹೆಸರೋ ಆಗಿರಬೇಕು.

ಅಗ್ನಿವೀರನಾಗಲು ಕನಿಷ್ಠ ವಯಸ್ಸು ಹದಿನೇಳೂವರೆ. ಅಂದಮೇಲೆ ಮೈದಾನದಲ್ಲಿ ಓಡುವವರ ಮೈಮೇಲಿನ ಬಹುಪಾಲು ಹಚ್ಚೆಗಳು ಅದಕ್ಕೂ ಮೊದಲಿನವು. ಒಂಬತ್ತನೇ ಕ್ಲಾಸಿನಲ್ಲೋ ಪಿಯುಸಿ ಮೊದಲ ವರ್ಷದಲ್ಲೋ ಗೆಳೆಯರ ಜತೆ ಹೋಗಿ ಹಾಕಿಸಿಕೊಂಡವು. ಆ ಹೊತ್ತಿನಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಎಲ್ಲೆಡೆ ಒಂದೇ.

‘ಅಣ್ಣಾ, ಈ ಹೆಸರು ಬರೀಲಿಕ್ಕೆ ಎಷ್ಟು ತಗೋತಿ?’

‘ಕನ್ನಡದಾಗೋ ಇಂಗ್ಲಿಷಿನಾಗೋ? ಬರೇ ಕರೀದು ಸಾಕೋ, ಬಣ್ಣ ಬೇಕೋ?’

‘ನೋವಾಗ್ತದೇನು?’

‘ಇರುವಿ ಕಡಿದಂಗ ಆಗ್ತದ, ಅಷ್ಟ. ಕುಂದ್ರು ತಮ್ಮಾ.’

ರೇಟು, ಅಕ್ಷರ, ಬಣ್ಣ, ನೋವು. ನಾಲ್ಕೂ ವಿಚಾರ ಬಂತು. ‘ನಿನಗೆ ವಯಸ್ಸೆಷ್ಟು’ ಎಂಬುದೊಂದು ಬರಲಿಲ್ಲ.

ಹಾಗೆ ಕೇಳಬೇಕೆಂದು ನಮ್ಮಲ್ಲಿ ಕಾನೂನಿದೆಯೇ? ಹಚ್ಚೆಗೆ ಇಷ್ಟೇ ವಯಸ್ಸಾಗಿರಬೇಕು ಎಂದು ಹೇಳುವ ಕೇಂದ್ರ ಕಾಯ್ದೆ ಭಾರತದಲ್ಲಿ ಇಲ್ಲ. ದೊಡ್ಡ ಊರುಗಳ ಹೆಸರುವಾಸಿ ಸ್ಟುಡಿಯೊಗಳು ‘18 ತುಂಬಿರಬೇಕು, ಆಧಾರ್ ತನ್ನಿ’ ಎಂದು ಫಲಕ ಹಾಕುತ್ತವೆ. ಅದು ಅವರಾಗಿ ಹಾಕಿಕೊಂಡ ಕಟ್ಟಳೆ, ತಮ್ಮ ತಲೆ ಕಾಯ್ದುಕೊಳ್ಳುವ ಜಾಣತನವೂ ಹೌದು. ಯಾಕೆಂದರೆ ಹಚ್ಚೆಯ ಹೆಸರೆತ್ತದೆಯೇ ನಮ್ಮ ಹಳೆಯ ಕಾನೂನುಗಳು ಈ ಕಸುಬಿನ ಸುತ್ತ ಒಂದು ಬೇಲಿ ಹಾಕಿಟ್ಟಿವೆ. 1875ರ ವಯಸ್ಕತ್ವ ಕಾಯ್ದೆಯ ಪ್ರಕಾರ 18 ತುಂಬದವರು ಅಪ್ರಾಪ್ತರು. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲಾರರು. ಮಾಡಿಕೊಂಡರೆ ಅದು ಮೊದಲಿನಿಂದಲೇ ಅನೂರ್ಜಿತ ಎಂದು 1903ರಲ್ಲೇ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಹಾಗಾಗಿ ಹದಿನೈದರ ಹುಡುಗ ‘ಏನಾದರೂ ಆದರೆ ನಾನೇ ಹೊಣೆ’ ಎಂದು ಸಹಿ ಹಾಕಿಕೊಟ್ಟ ಕಾಗದ ಅಂಗಡಿಯವನನ್ನು ಕಾಯುವುದಿಲ್ಲ.

ಇನ್ನೊಂದು ಬೇಲಿ ಅಪರಾಧ ಸಂಹಿತೆಯದು. ಒಬ್ಬರ ಮೈಗೆ ಸೂಜಿ ಚುಚ್ಚಿ ರಕ್ತ ಬರಿಸುವುದು ಸಾಮಾನ್ಯ ಲೆಕ್ಕದಲ್ಲಿ ನೋವುಂಟುಮಾಡುವ ಅಪರಾಧ. ಅದು ಅಪರಾಧವಾಗದೆ ಇರುವುದು ಎದುರಿನವರ ಒಪ್ಪಿಗೆಯಿಂದ. ಹಳೆಯ ದಂಡ ಸಂಹಿತೆಯ 87ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ, ಎರಡೂ ಹೇಳುವುದು ಒಂದನ್ನೇ: ಆ ಒಪ್ಪಿಗೆ ಕೊಡುವವರಿಗೆ 18 ದಾಟಿರಬೇಕು. ಕಾನೂನು ಬರೆದವರು ಅಲ್ಲಿ ಕೊಟ್ಟಿರುವ ಉದಾಹರಣೆ ಕತ್ತಿವರಸೆಯದು. ಇಬ್ಬರು ಮನರಂಜನೆಗಾಗಿ ಕತ್ತಿವರಸೆ ಆಡಲು ಒಪ್ಪಿಕೊಂಡರೆ, ಆಟದ ನಿಯಮ ಮೀರದೆ ಆದ ಗಾಯಕ್ಕೆ ಇಬ್ಬರೂ ಒಪ್ಪಿದಂತೆ. ಹಚ್ಚೆಗೂ ಈ ತರ್ಕ ಸಲ್ಲುತ್ತದೆ. ಹದಿನೈದರ ಹುಡುಗನ ತೋಳಿಗೆ ಮಷಿನ್ ಇಟ್ಟವನಿಗೆ ಈ ಕಲಮಿನ ಆಸರೆ ಸಿಗುವುದಿಲ್ಲ. ಯಾವ ಅಪ್ಪನಾದರೂ ಠಾಣೆಗೆ ಹೋದರೆ ಕಥೆ ಬೇರೆಯಾಗುತ್ತದೆ. ಆದರೆ ನಮ್ಮ ಕಡೆ ಅಪ್ಪಂದಿರು ಠಾಣೆಗೆ ಹೋಗುವುದಿಲ್ಲ, ಮಗನ ಬೆನ್ನಿಗೆ ನಾಲ್ಕು ಬಾರಿಸಿ ಸುಮ್ಮನಾಗುತ್ತಾರೆ.

ವಯಸ್ಸು ಕೇಳಿದರೂ ಸಿಗುವ ಉತ್ತರ ಎಷ್ಟು ನಂಬಿಕಸ್ತ ಎಂಬುದು ಈ ಸೀಮೆಯಲ್ಲಿ ಬೇರೆಯೇ ಪ್ರಶ್ನೆ. ನಮ್ಮ ಹಳ್ಳಿ ಶಾಲೆಗಳ ದಾಖಲಾತಿ ಪುಸ್ತಕ ತೆರೆದರೆ ಊರಿಗೆ ಊರೇ ಜೂನ್ 1ರಂದು ಹುಟ್ಟಿದಂತೆ ಕಾಣುತ್ತದೆ. ಮಗುವನ್ನು ಕರೆತಂದ ತಾಯಿಗೆ ತಾರೀಖು ನೆನಪಿಲ್ಲ, ಮಾಸ್ತರರಿಗೆ ಒಂದು ತಾರೀಖು ಬೇಕು, ಶಾಲೆ ಶುರುವಾಗುವ ತಿಂಗಳ ಮೊದಲ ದಿನ ಸಲೀಸು. ಹಾಗೆ ಬರೆದದ್ದೇ ಅಂಕಪಟ್ಟಿಗೆ, ಅಲ್ಲಿಂದ ಆಧಾರ್‌ಗೆ ಹತ್ತಿತು. ಈಚೆಗೆ ಹೆರಿಗೆಗಳು ಆಸ್ಪತ್ರೆಯಲ್ಲಾಗಿ ಜನನ ಪ್ರಮಾಣಪತ್ರ ಬಂದಮೇಲೆ ಇದು ಸುಧಾರಿಸಿದೆ. ಆದ್ದರಿಂದ ಇಂದಿನ ಹದಿನೈದರವರ ವಯಸ್ಸನ್ನು ಅವರ ಅಪ್ಪಂದಿರ ವಯಸ್ಸಿಗಿಂತ ಗಟ್ಟಿಯಾಗಿ ತಿಳಿಯಬಹುದು. ಕೇಳುವ ಮನಸ್ಸಿದ್ದರೆ, ಅಷ್ಟೆ.

ಹಚ್ಚೆಗೂ ವಯಸ್ಸಿಗೂ ನಮ್ಮಲ್ಲಿ ನಂಟಿಲ್ಲವೆಂದಲ್ಲ, ಇತ್ತು. ಅದು ತಿರುಗುಮುರುಗು ಇತ್ತು. ಈಗ ಕನಿಷ್ಠ ವಯಸ್ಸಿನ ಮಾತಾಡುತ್ತೇವೆ. ಹಿಂದೆ ಇದ್ದದ್ದು ಗರಿಷ್ಠ ವಯಸ್ಸು. ಹುಡುಗಿ ಮೈನೆರೆಯುವುದರೊಳಗೆ, ಹೆಚ್ಚೆಂದರೆ ಮದುವೆಯೊಳಗೆ, ಹಚ್ಚೆ ಆಗಿಬಿಡಬೇಕು. ಈ ತಾಲೂಕುಗಳಲ್ಲಿ ತಮ್ಮ ವಯಸ್ಸನ್ನು ‘ರಜಾಕಾರರ ಗದ್ಲದಾಗ ನಾ ಇಷ್ಟು ಇದ್ದೆ’ ಎಂದು ಕೈಯಲ್ಲಿ ಎತ್ತರ ತೋರಿಸಿ ಹೇಳುವ ಅಜ್ಜಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದಾರೆ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆ ಲೆಕ್ಕ ಅಲ್ಲಿಂದ ಬಂದದ್ದು. ಅವರ ಹಣೆಯ ನಡುವೆ, ಗಲ್ಲದ ಮೇಲೆ ಹಸಿರುಗಟ್ಟಿದ ಚುಕ್ಕಿ; ಮುಂಗೈಯಲ್ಲಿ ಚೇಳು, ತುಳಸಿಕಟ್ಟೆ, ರಂಗೋಲಿಯ ಎಳೆ. ತಾಂಡಾಗಳ ಲಂಬಾಣಿ ಅಜ್ಜಿಯರ ಮೈಮೇಲಿನದು ಬೇರೆ ಮಾದರಿ, ಬಳೆಗಳ ನಡುವೆ ಇಣುಕುವಂಥದು.

ಹಾಕುತ್ತಿದ್ದವರು ಊರೂರು ತಿರುಗುವ ಕೊರವ ಹೆಣ್ಣುಮಕ್ಕಳು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಹಚ್ಚೆಯನ್ನೇ ಕಸುಬು ಮಾಡಿಕೊಂಡು ಅಲೆಯುವ ಕೊರವರ ಪ್ರಸ್ತಾಪವಿದೆ. ದೀಪದ ಮಸಿಗೆ ಸೊಪ್ಪಿನ ರಸ, ಕೆಲವೆಡೆ ಎದೆಹಾಲು ಬೆರೆಸಿ, ಮೂರೋ ನಾಲ್ಕೋ ಸೂಜಿ ಒಟ್ಟಿಗೆ ಕಟ್ಟಿ ಚುಚ್ಚುವುದು, ಮೇಲೆ ಅರಿಸಿನ ಮೆತ್ತುವುದು. ಕೂಲಿ ಎಂದರೆ ಮೊರದಲ್ಲಿ ಜೋಳ, ಒಂದು ಹಳೆ ಸೀರೆ. ಚುಚ್ಚುವಾಗ ಕೊರವಂಜಿ ಹಾಡುತ್ತಿದ್ದಳು. ಹಾಡಿನ ಬಗ್ಗೆ ಜಾನಪದದವರು ಬೇಕಾದಷ್ಟು ಬರೆದಿದ್ದಾರೆ. ಆ ಹಾಡು ಯಾಕೆ ಬೇಕಿತ್ತು ಎಂಬುದನ್ನು ಅಷ್ಟಾಗಿ ಬರೆದಿಲ್ಲ. ಎಂಟು ಹತ್ತು ವರ್ಷದ ಹುಡುಗಿಯ ಅಳು ಮರೆಸಲು ಬೇಕಿತ್ತು. ಅವ್ವ ಕೈ ಹಿಡಿದುಕೊಂಡಿರುತ್ತಿದ್ದಳು, ಅತ್ತೆಯೋ ದೊಡ್ಡವ್ವನೋ ಕಾಲು. ‘ಸತ್ತಾಗ ಬಂಗಾರ ಬಿಚ್ಕೋತಾರ, ಇದೊಂದ ನಿನ್ನ ಕೂಡ ಬರೋದು, ಸುಮ್ಕ ಕುಂದ್ರು’ ಎನ್ನುವ ಸಮಾಧಾನ ಬೇರೆ. ಎಂಟು ವರ್ಷದವಳಿಗೆ ಸಾವಿನ ಮಾತು ಹೇಳಿ ಸುಮ್ಮನಾಗಿಸುವ ಲೋಕವದು.

ಆ ಅಜ್ಜಿಯರಿಗೆ ತಮ್ಮ ಹಚ್ಚೆಯ ಬಗ್ಗೆ ಕೋಪವಿಲ್ಲ. ಬಹಳ ಮಂದಿಗೆ ಅಭಿಮಾನವೇ ಇದೆ. ಅವರ ಮೊಮ್ಮಕ್ಕಳು ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಚೆಂದ ಎನ್ನುತ್ತಾರೆ, ಚೆಂದವೂ ಇದೆ. ಇವತ್ತಿನ ಅಳತೆಗೋಲನ್ನು ಅವತ್ತಿನ ಕೊರವಂಜಿಯ ಮೇಲೆ ಇಟ್ಟು ಅವಳನ್ನು ಅಪರಾಧಿ ಮಾಡುವುದು ತಪ್ಪಾದೀತು. ಅವಳು ಊರವರು ಕರೆದರೆಂದು ಬಂದವಳು. ನನಗೆ ಕಾಡುವುದು ಇನ್ನೊಂದು ಸಂಗತಿ. ಹಚ್ಚೆಯ ವಯಸ್ಸಿನ ಮಾತು ಬಂದಾಗಲೆಲ್ಲ ‘ತಂದೆತಾಯಿ ಒಪ್ಪಿದರೆ ಸರಿ’ ಎಂದು ಒಂದು ಕಿಂಡಿ ತೆರೆದಿಡುವವರಿದ್ದಾರೆ. ಎಷ್ಟೋ ಸ್ಟುಡಿಯೊಗಳ ಫಲಕದಲ್ಲೂ ‘18ರೊಳಗಿನವರು ಪಾಲಕರ ಜತೆ ಬರಬೇಕು’ ಎಂದಿರುತ್ತದೆ. ನಮ್ಮ ಹಳ್ಳಿಗಳ ಚರಿತ್ರೆ ನೋಡಿದರೆ ಮಗುವಿನ ಕೈಯನ್ನು ಒತ್ತಿ ಹಿಡಿದವರೇ ತಂದೆತಾಯಿ. ಮಗುವಿನ ಮೈಗೆ ಮಾಡುವ ಶಾಶ್ವತ ಗುರುತಿಗೆ ಅವರ ಸಹಿ ಸಾಕೆಂದರೆ, ಹಳೆಯದನ್ನೇ ಕಾಗದಕ್ಕೆ ಇಳಿಸಿದಂತಾಯಿತು. ಕಿವಿ ಚುಚ್ಚಿಸುವುದಿಲ್ಲವೇ ಎಂದು ಕೇಳಬಹುದು. ಕಿವಿಯ ತೂತು ಓಲೆ ಹಾಕದಿದ್ದರೆ ಮುಚ್ಚಿಕೊಳ್ಳುತ್ತಾ ಬರುತ್ತದೆ, ಅದರಿಂದ ಯಾರೂ ಸೇನೆಯ ಸಾಲಿನಿಂದ ಆಚೆ ಬಿದ್ದಿಲ್ಲ.

ಬ್ರಿಟನ್ ಇದನ್ನು 1969ರಲ್ಲೇ ಗಟ್ಟಿಯಾಗಿ ಹೇಳಿಬಿಟ್ಟಿತು. ಅಪ್ರಾಪ್ತರಿಗೆ ಹಚ್ಚೆ ಹಾಕುವುದರ ವಿರುದ್ಧವೇ ಆ ವರ್ಷ ಒಂದು ಪುಟ್ಟ ಕಾಯ್ದೆ ಬಂತು. 18ರೊಳಗಿನವರಿಗೆ ಹಾಕಿದರೆ ಹಾಕಿದವನಿಗೆ ಶಿಕ್ಷೆ. ವೈದ್ಯಕೀಯ ಕಾರಣಕ್ಕೆ ವೈದ್ಯರೋ ಅವರ ನಿರ್ದೇಶನದಂತೆ ನಡೆಯುವವರೋ ಮಾಡಿದರೆ ಮಾತ್ರ ವಿನಾಯಿತಿ. ಅಪ್ಪ ಅಮ್ಮನ ಒಪ್ಪಿಗೆಗೆ ಅಲ್ಲಿ ಬೆಲೆಯಿಲ್ಲ. ಗಿರಾಕಿಗೆ 18 ಆಗಿದೆಯೆಂದು ನಂಬಲು ತನಗೆ ಸಕಾರಣವಿತ್ತು ಎಂದು ಅಂಗಡಿಯವನೇ ತೋರಿಸಿಕೊಡಬೇಕು. ನಮಗೆ ಬೇಕಾದದ್ದೂ ಇದೇ ಮಾದರಿ.

ಈಗಿನ ಮಕ್ಕಳ ವಿಷಯದಲ್ಲಿ ಒತ್ತಾಯ ಮನೆಯಿಂದ ಬರುವುದಿಲ್ಲ. ಅವರಾಗಿಯೇ ಹೋಗುತ್ತಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ರಾಜ್ಯದ ಮೂಲೆಮೂಲೆಯಲ್ಲೂ ಅಪ್ಪುವಿನ ಮುಖ ತೋಳಿಗೆ, ಎದೆಗೆ ಬಂತು. ವಿರಾಟ್ ಕೊಹ್ಲಿಯ ತೋಳು ನೋಡಿ ತೋಳು ತುಂಬಿಸಿಕೊಂಡವರಿದ್ದಾರೆ. ಬಸವಣ್ಣ, ಅಂಬೇಡ್ಕರ್, ಶಿವಾಜಿ, ರಾಯಣ್ಣ, ತ್ರಿಶೂಲ, ‘ಅವ್ವ’. ಮತ್ತೆ, ಹೇಳಬೇಕಾಗಿಯೇ ಇಲ್ಲ, ಎಸ್ಸೆಸ್ಸೆಲ್ಸಿ ಮುಗಿಯುವಷ್ಟರಲ್ಲಿ ಬದಲಾಗುವ ಒಂದು ಹೆಸರು. ಹೆಸರು ಬರೆಸುವ ಹಂಬಲಕ್ಕೆ ಮಸ್ಕಿಯವರಷ್ಟು ಹಳೆಯ ಸಾಕ್ಷಿ ಯಾರಲ್ಲೂ ಇರಲಿಕ್ಕಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿ ಕಂಡ ಬಂಡೆಯ ಮೇಲೆ ‘ದೇವಾನಾಂಪ್ರಿಯ’ನ ಜತೆಗೆ ಅಶೋಕ ಎಂಬ ಹೆಸರೂ ಇತ್ತು, ಶಾಸನಗಳ ಒಡೆಯ ಯಾರೆಂಬುದು ಖಚಿತವಾದದ್ದು ಆಗ. ಆದರೆ ಅಶೋಕ ಕೊರೆಸಿದ್ದು ಕಲ್ಲಿನ ಮೇಲೆ, ಅದೂ ಪಟ್ಟಕ್ಕೆ ಬಂದು ವರ್ಷಗಳಾದ ಮೇಲೆ.

ಹುಡುಗರು ಹೋಗುವ ಜಾಗ ಯಾವುದು ಎಂಬುದರ ಮೇಲೆ ಅಪಾಯ ನಿಂತಿದೆ. ತಾಲೂಕು ಕೇಂದ್ರದ ಅಂಗಡಿಯಲ್ಲಿ ಕೈಗವಸಾದರೂ ಇರುತ್ತದೆ. ಜಾತ್ರೆಯದು ಬೇರೆ ಲೋಕ. ನೆಲಕ್ಕೆ ಹಾಸಿದ ಹಾಳೆ, ದೇವರ ಚಿತ್ರ, ಹೃದಯ, ಬಾಣಗಳ ಮಾದರಿ ಪಟ್ಟಿ, ಬ್ಯಾಟರಿಗೆ ಜೋಡಿಸಿದ ಗುಂಯ್‌ಗುಡುವ ಮಷಿನ್. ಒಬ್ಬನ ತೋಳಾದ ಮೇಲೆ ಇನ್ನೊಬ್ಬನದು, ನಡುವೆ ಸೂಜಿಗೆ ಒಂದು ಬಟ್ಟೆಯ ಒರೆತ. ಒಂದೇ ಸೂಜಿ ಒಬ್ಬರಿಂದ ಒಬ್ಬರಿಗೆ ಹೋದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರೂ ದಾಟಬಹುದು. ಹೆಪಟೈಟಿಸ್ ಬಿಗೆ ಲಸಿಕೆಯಿದೆ, ಉಳಿದೆರಡಕ್ಕೆ ಇಲ್ಲ. ಸೂಜಿ ಬದಲಿಸಿ ಒಂದೇ ಬಟ್ಟಲಿನ ಶಾಯಿಯಲ್ಲಿ ಅದ್ದಿದರೂ ಫಲ ಒಂದೇ. ಇದನ್ನು ಜಾತ್ರೆಯ ಗದ್ದಲದಲ್ಲಿ ನೋಡಿ ತಿಳಿದು ಬೇಡವೆನ್ನುವುದು ದೊಡ್ಡವರಿಗೇ ಕಷ್ಟ. ಹದಿನಾಲ್ಕರ ಹುಡುಗನಿಗೆ ಅಲ್ಲಿ ಕಾಣುವುದು ತ್ರಿಶೂಲ ಮಾತ್ರ.

ಶಾಯಿಯ ಕಥೆ ಇನ್ನೂ ಇದೆ. 2025ರ ಆರಂಭದಲ್ಲಿ ನಮ್ಮ ರಾಜ್ಯದಲ್ಲೇ ಟ್ಯಾಟೂ ಶಾಯಿಯ ಮಾದರಿಗಳನ್ನು ಪರೀಕ್ಷೆ ಮಾಡಿಸಿದಾಗ 22 ಬಗೆಯ ಲೋಹಗಳು ಸಿಕ್ಕವು. ಕ್ರೋಮಿಯಂ, ಸೆಲೆನಿಯಂ, ಆರ್ಸೆನಿಕ್ ಅವುಗಳಲ್ಲಿ ಕೆಲವು. ಶಾಯಿಗೆ ಗುಣಮಟ್ಟದ ನಿಯಮ ಮಾಡಿ ಎಂದು ಕೇಂದ್ರಕ್ಕೆ ಬರೆಯುವುದಾಗಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ಆರ್ಸೆನಿಕ್ ಎಂಬ ಪದವನ್ನು ಹಟ್ಟಿ, ಲಿಂಗಸುಗೂರಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಚಿನ್ನದ ಸೀಮೆಯ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಅದಿದೆಯೆಂದು ವರ್ಷಗಳಿಂದ ಕೇಳುತ್ತಿದ್ದೇವೆ. ನೀರಿನಲ್ಲಿದ್ದರೆ ಗಾಬರಿಯಾಗುವ ನಾವು ಅದನ್ನು ದುಡ್ಡು ಕೊಟ್ಟು ಚರ್ಮದೊಳಗೆ ಇಳಿಸಿಕೊಳ್ಳುವಾಗ ಬಾಟಲಿಯ ಮೇಲಿನ ಚೀಟಿ ಕೂಡ ಓದುವುದಿಲ್ಲ. ಯುರೋಪಿನ ಒಕ್ಕೂಟ 2022ರ ಜನವರಿಯಿಂದ ಟ್ಯಾಟೂ ಶಾಯಿಯ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ಇಲ್ಲಿ ಆನ್‌ಲೈನಿನಲ್ಲಿ ತರಿಸಿದ ಬಾಟಲಿಯಲ್ಲಿ ಏನಿದೆಯೋ ಅದೇ ಸರಿ.

ಚರ್ಮದೊಳಗೆ ಇಳಿದ ಬಣ್ಣ ಅಲ್ಲೇ ಯಾಕೆ ನಿಲ್ಲುತ್ತದೆ ಎಂಬುದಕ್ಕೆ 2018ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಒಂದು ಉತ್ತರ ಕೊಟ್ಟರು. ಹೊರಗಿನ ವಸ್ತುವನ್ನು ನುಂಗುವ ರಕ್ಷಕ ಕೋಶಗಳು ಬಣ್ಣದ ಕಣವನ್ನು ನುಂಗುತ್ತವೆ, ಜೀರ್ಣಿಸಲಾರವು. ಆ ಕೋಶ ಸತ್ತರೆ ಕಣ ಹೊರಬೀಳುತ್ತದೆ, ಪಕ್ಕದ ಹೊಸ ಕೋಶ ಮತ್ತೆ ನುಂಗುತ್ತದೆ. ಜೀವನಪೂರ್ತಿ ಇದೇ ಕೈಬದಲು. ಲೇಸರ್ ಮಾಡುವುದು ಆ ಕಣಗಳನ್ನು ಪುಡಿಗಟ್ಟಿ ದೇಹ ಸಾಗಹಾಕುವಂತೆ ಮಾಡುವ ಕೆಲಸ. ಕಪ್ಪು ಬೇಗ ಹೋಗುತ್ತದೆ, ಹಸಿರು, ಹಳದಿ ಹಟ ಹಿಡಿಯುತ್ತವೆ. ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕು, ಹಾಕಿಸಿದ್ದಕ್ಕಿಂತ ಎಷ್ಟೋ ಪಟ್ಟು ಖರ್ಚು, ಕಪ್ಪು ಮೈಬಣ್ಣದವರಿಗೆ ಆ ಜಾಗ ಬಿಳಿಚುವ ಅಥವಾ ಗಂಟುಗಟ್ಟುವ ಭಯ ಹೆಚ್ಚು. ಮೇಲಾಗಿ ಹದಿನಾಲ್ಕರ ತೋಳು ಇನ್ನೂ ಬೆಳೆಯುವ ತೋಳು, ಅಂದು ಹಾಕಿದ ಗೆರೆ ಮೈಯ ಜತೆ ಹಿಗ್ಗುತ್ತದೆ. ಹಚ್ಚೆಯಾದ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂದಹಾಗೆ ರಕ್ತ ಕೊಡಲು 18 ಆಗಿರಲೇಬೇಕು. ರಕ್ತ ಕೊಡಲು ಬಾರದ ಮೈ ಬಣ್ಣ ಚುಚ್ಚಿಸಿಕೊಳ್ಳಲು ಹೇಗೆ ಒದಗಿತು?

ಹಾಗಂತ ಹದಿಹರೆಯದ ಆಸೆಯನ್ನು ಬೈದು ಬಾಯಿ ಮುಚ್ಚಿಸಿದರೆ ಆಗುವುದಿಲ್ಲ. ಗೋರಂಟಿ ಇದೆ, ನೀರು ಹಚ್ಚಿ ಅಂಟಿಸುವ ಸ್ಟಿಕ್ಕರ್ ಇದೆ. ‘ಕಪ್ಪು ಮೆಹಂದಿ’ ಎಂದು ಮಾರುವುದರಲ್ಲಿ ಮಾತ್ರ ಕೂದಲಿನ ಡೈಗೆ ಹಾಕುವ ಪಿಪಿಡಿ ರಾಸಾಯನಿಕ ಇರುತ್ತದೆ, ಗುಳ್ಳೆ ಎದ್ದು ಕಲೆ ಉಳಿಯುತ್ತದೆ. ಅದರಿಂದ ದೂರ ಇರುವುದು ಲೇಸು.

ಕಾಯ್ದೆ ದಿಲ್ಲಿಯಿಂದ ಬರಲೆಂದು ಕಾಯುತ್ತ ಕೂರುವ ಅಗತ್ಯವಿಲ್ಲ. ಒಂದೇ ಹೆದ್ದಾರಿಯ ಮೇಲಿನ ಈ ಮೂರು ಊರಿಗೂ ತಮ್ಮದೇ ಸ್ಥಳೀಯ ಸಂಸ್ಥೆಗಳಿವೆ, ಸಿಂಧನೂರಿಗೆ ನಗರಸಭೆ, ಲಿಂಗಸುಗೂರಿಗೆ, ಮಸ್ಕಿಗೆ ಪುರಸಭೆ. ಅಂಗಡಿಗಳಿಗೆ ಉದ್ದಿಮೆ ಪರವಾನಗಿ ಕೊಡುವವರು ಇವರೇ. 2024ರ ಡಿಸೆಂಬರಿನಲ್ಲಿ ತಿರುಚಿರಾಪಳ್ಳಿಯ ಒಂದು ಟ್ಯಾಟೂ ಅಂಗಡಿಯಲ್ಲಿ ನಾಲಿಗೆ ಸೀಳುವ ಕೆಲಸ ನಡೆದದ್ದು ಬಯಲಾದಾಗ ಅಂಗಡಿಗೆ ಬೀಗ ಜಡಿದದ್ದು ಅಲ್ಲಿನ ಮಹಾನಗರ ಪಾಲಿಕೆಯೇ. ಪರವಾನಗಿಯ ಕಾಗದದಲ್ಲಿ ಎರಡು ಸಾಲು ಸೇರಿಸಿದರೆ ಸಾಕು: 18 ತುಂಬಿದ ದಾಖಲೆ ನೋಡದೆ, ಪಾಲಕರ ಒಪ್ಪಿಗೆ ಇದ್ದರೂ, ಹಚ್ಚೆ ಹಾಕಬಾರದು, ಪ್ರತಿ ಗಿರಾಕಿಗೆ ಹೊಸ ಸೂಜಿ, ಹೊಸ ಬಟ್ಟಲು ಶಾಯಿ. ಅಂಗಡಿಯವರಿಗೂ ಇದರಿಂದ ನಷ್ಟಕ್ಕಿಂತ ರಕ್ಷಣೆಯೇ ಹೆಚ್ಚು. ‘ನಿಯಮ ಐತಿ ತಮ್ಮಾ, ನಾ ಹಾಕಂಗಿಲ್ಲ’ ಎಂದು ಹೇಳಲು ಅವರಿಗೊಂದು ನೆಪ ಸಿಗುತ್ತದೆ.

ಜಾತ್ರೆಗೂ ಇದೇ ಷರತ್ತು ಅನ್ವಯಿಸಬೇಕು. ಮಳಿಗೆಯ ಜಾಗ ಹರಾಜು ಹಾಕುವಾಗ ಬೆಂಕಿ, ವಿದ್ಯುತ್ತಿನ ಬಗ್ಗೆ ಷರತ್ತು ಹಾಕುವವರಿಗೆ ಸೂಜಿಯ ಬಗ್ಗೆ ಹಾಕುವುದು ಹೊರೆಯಲ್ಲ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು, ದೈಹಿಕ ಶಿಕ್ಷಕರು ಸೇನೆಯ ಹಚ್ಚೆ ನಿಯಮವನ್ನು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಲಿ, ಹುಡುಗರು ನಮ್ಮ ಉಪದೇಶಕ್ಕಿಂತ ಅದನ್ನು ಬೇಗ ಓದುತ್ತಾರೆ. ಬನದ ಹುಣ್ಣಿಮೆಗೆ ಸಿಂಧನೂರು ತಾಲೂಕಿನ ಸೋಮಲಾಪುರದ ಅಂಬಾಮಠದಲ್ಲಿ ಜಾತ್ರೆ ಸೇರುತ್ತದೆ. ಅಷ್ಟರೊಳಗೆ ಮೂರೂ ಸಭೆಗಳು ಈ ಎರಡು ಸಾಲನ್ನು ಠರಾವು ಮಾಡಲಿ. ನಿಮ್ಮ ವಾರ್ಡಿನ ಸದಸ್ಯರು ಎದುರಾದರೆ ಕೇಳಿ.